ಲಾಲ್‌ಬಾಗ್ ಬಂಡೆ ಹತ್ತಿದರೆ ಬೆಂಗಳೂರು ಅರ್ಥವಾಗುತ್ತದೆ

ಮಳೆ ಬಂದು ನಿಂತ ಮಾರನೇ ದಿನ ಬೆಳಗ್ಗೆ ಲಾಲ್‌ಬಾಗ್ ಬಂಡೆ ಹತ್ತಿ ನೋಡಿ. ಧೂಳೆಲ್ಲ ತೊಳೆದು ಹೋಗಿರುತ್ತದೆ. ಕಲ್ಲು ಒದ್ದೆಯಾಗಿದ್ದಾಗ ಅದರ ಮೈಮೇಲಿನ ಪಟ್ಟೆಗಳು ಎದ್ದು ಕಾಣುತ್ತವೆ. ಬೂದು, ಬಿಳಿ, ಕಪ್ಪು, ಅಲ್ಲಲ್ಲಿ ತೆಳು ಗುಲಾಬಿ. ತಗ್ಗಿರುವ ಕಡೆ ಅಂಗೈಯಗಲದ ದೊಣೆಗಳಲ್ಲಿ ನೀರು ನಿಂತಿರುತ್ತದೆ.

ನನ್ನ ಅಕ್ಕನ ಮಗಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಂಥ ಒಂದು ಬೆಳಗ್ಗೆ ಅವಳನ್ನು ಕರೆದುಕೊಂಡು ಹೋಗಿದ್ದೆ. ಅವಳು ಕುಕ್ಕರಗಾಲಲ್ಲಿ ಕೂತು ಒಂದು ಕಪ್ಪು ಪಟ್ಟೆಯ ಮೇಲೆ ಬೆರಳಿಟ್ಟಳು. ಬೆರಳನ್ನು ಹಾಗೇ ಎಳೆಯುತ್ತಾ ಹೋದಳು. ಪಟ್ಟೆ ಸ್ವಲ್ಪ ದೂರ ನೇರ ಹೋಗಿ, ಹಾವಿನ ಹಾಗೆ ಬಳುಕಿ, ಮಡಚಿಕೊಂಡು ಹಿಂದಕ್ಕೇ ಬಂತು. "ಚಿಕ್ಕಮ್ಮ, ಇದಕ್ಕೆ ಪೇಂಟ್ ಹೊಡೆದಿದ್ದು ಯಾರು?" ಅಂತ ಕೇಳಿದಳು.

ಎಷ್ಟು ಸಲ ಆ ಬಂಡೆ ಹತ್ತಿದ್ದೇನೋ ಲೆಕ್ಕವಿಲ್ಲ. ಆದರೆ ಆ ಪ್ರಶ್ನೆಗೆ ಸರಿಯಾದ ಉತ್ತರ ನನ್ನ ಹತ್ತಿರ ಇರಲಿಲ್ಲ. ಆಮೇಲೆ ಓದಿದೆ, ತಿಳಿದವರನ್ನು ಕೇಳಿದೆ, ಮತ್ತೆ ಮತ್ತೆ ಹೋಗಿ ನೋಡಿದೆ. ಓದುತ್ತಾ ಹೋದ ಹಾಗೆ ಇದು ಬರೀ ಕಲ್ಲಿನ ಕಥೆ ಅಲ್ಲ ಅಂತ ಗೊತ್ತಾಯಿತು. ಬೆಂಗಳೂರು ಯಾಕೆ ಇಲ್ಲಿದೆ, ಇಲ್ಲಿ ಯಾಕೆ ಅಷ್ಟೊಂದು ಕೆರೆಗಳಿದ್ದವು, ನಮ್ಮ ಬೋರ್‌ವೆಲ್ ಯಾಕೆ ಬತ್ತುತ್ತದೆ, ಮಳೆ ಬಂದರೆ ಕೆಲವೇ ಏರಿಯಾಗಳು ಯಾಕೆ ಮುಳುಗುತ್ತವೆ, ಎಲ್ಲಕ್ಕೂ ಈ ಬಂಡೆಯಲ್ಲಿ ಬೇರಿದೆ.

ಮೊದಲು ಆ ಪಟ್ಟೆಗಳ ವಿಷಯ. ಈ ಕಲ್ಲಿಗೆ ಭೂವಿಜ್ಞಾನಿಗಳು ಹೇಳುವ ಹೆಸರು ನೈಸ್. ನಾವು ಮನೆಯಲ್ಲಿ ಗ್ರಾನೈಟ್ ಅನ್ನುವ ಕಲ್ಲಿನ ಹತ್ತಿರದ ಸಂಬಂಧಿ. ಗ್ರಾನೈಟಿನಲ್ಲಿ ಬಿಳಿ, ಕಪ್ಪು ಚುಕ್ಕಿಗಳು ಚೆಲ್ಲಾಪಿಲ್ಲಿಯಾಗಿ ಬೆರೆತಿರುತ್ತವೆ. ನೈಸಿನಲ್ಲಿ ಅವು ಸಾಲು ಕಟ್ಟಿ ನಿಂತಿರುತ್ತವೆ. ಬಿಳಿ ಮತ್ತು ಗುಲಾಬಿ ಭಾಗ ಬೆಣಚುಕಲ್ಲು ಮತ್ತು ಫೆಲ್ಡ್‌ಸ್ಪಾರ್ ಎಂಬ ಖನಿಜ. ಕಪ್ಪು ಭಾಗದಲ್ಲಿ ಹೆಚ್ಚಾಗಿರುವುದು ಕಪ್ಪು ಬಣ್ಣದ ಕಾಗೆಬಂಗಾರ. ಬಿಸಿಲಿಗೆ ಓರೆಯಾಗಿ ನೋಡಿದರೆ ಅದು ಮಿಣುಕುತ್ತದೆ.

ಸಾಲು ಕಟ್ಟಿದ್ದು ಹೇಗೆ? ರಾಗಿ ಹಿಟ್ಟಿನ ಒಂದು ಉಂಡೆ, ಅಕ್ಕಿ ಹಿಟ್ಟಿನ ಒಂದು ಉಂಡೆ ತೆಗೆದುಕೊಳ್ಳಿ. ಎರಡನ್ನೂ ಪೂರ್ತಿ ಬೆರೆಸದೆ ಸ್ವಲ್ಪ ಮಿದ್ದು ಒತ್ತಿ, ಎಳೆದು, ಮಡಚಿ, ಮತ್ತೆ ಒತ್ತಿ. ಚಾಕುವಿನಲ್ಲಿ ಕೊಯ್ದು ನೋಡಿದರೆ ಒಳಗೆ ಕಪ್ಪು ಬಿಳಿ ಗೆರೆಗಳು, ಮಡಿಕೆಗಳು ಕಾಣುತ್ತವೆ. ಈ ಬಂಡೆಗೂ ಹೆಚ್ಚುಕಡಿಮೆ ಹಾಗೇ ಆಗಿದೆ. ನೆಲದೊಳಗೆ ಹತ್ತಾರು ಕಿಲೋಮೀಟರ್ ಆಳದಲ್ಲಿ, ಕಲ್ಲೇ ಮೆತ್ತಗಾಗುವಷ್ಟು ಬಿಸಿಯಲ್ಲಿ, ಅದು ಹಿಟ್ಟಿನ ಹಾಗೆ ಮಿದ್ದಿಸಿಕೊಂಡಿದೆ. ಒಂದು ಸಲ ಅಲ್ಲ, ಹಲವು ಸಲ. ಒತ್ತಡ ಬಿದ್ದ ದಿಕ್ಕಿಗೆ ಅಡ್ಡಲಾಗಿ ಖನಿಜಗಳು ತಿರುಗಿ ಸಾಲಾದವು. ಪುಟ್ಟಿಯ ಬೆರಳು ಹಿಂಬಾಲಿಸಿದ್ದು ಅಂಥ ಒಂದು ಮಡಿಕೆಯನ್ನೇ. ಪಟ್ಟೆಗಳನ್ನು ಲೆಕ್ಕಿಸದೆ ಅಡ್ಡಡ್ಡ ಕತ್ತರಿಸಿಕೊಂಡು ಹೋಗುವ ತಿಳಿ ಬಣ್ಣದ ಎಳೆಗಳನ್ನು ಎಲ್ಲಾದರೂ ಕಂಡರೆ ಅವು ಆಮೇಲೆ ಬಂದವು ಅಂತ ತಿಳಿಯಿರಿ. ಬಂಡೆ ಬಿರಿದಾಗ ಆ ಸಂದಿಗೆ ಕರಗಿದ ಕಲ್ಲು ನುಗ್ಗಿ ಗಟ್ಟಿಯಾಗಿದ್ದು. ಯಾವುದು ಯಾವುದನ್ನು ಕತ್ತರಿಸಿದೆಯೋ ಅದು ಕಿರಿಯದು. ಈ ಒಂದು ಸೂತ್ರ ಗೊತ್ತಿದ್ದರೆ ಸಾಕು, ಯಾರು ಬೇಕಾದರೂ ಬಂಡೆ ಮೇಲೆ ನಡೆಯುತ್ತಾ ಹಿಂದುಮುಂದು ಹೇಳಬಹುದು.

ಇದಕ್ಕೆ "ಪೆನಿನ್ಸುಲಾರ್ ನೈಸ್" ಎಂಬ ಹೆಸರು ಕೊಟ್ಟವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಡಬ್ಲ್ಯು.ಎಫ್. ಸ್ಮೀತ್, 1916ರಲ್ಲಿ. ದಕ್ಷಿಣ ಭಾರತದ ಬಹುಭಾಗದ ತಳಪಾಯ ಇದೇ ಜಾತಿಯ ಕಲ್ಲು. ಅದು ಕಣ್ಣಿಗೆ ಚೆನ್ನಾಗಿ ಕಾಣುವ ಜಾಗ ಎಂಬ ಕಾರಣಕ್ಕೇ ಲಾಲ್‌ಬಾಗ್ ಬಂಡೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಅಲ್ಲಿ ಫಲಕವೂ ಇದೆ. ಅದರಲ್ಲಿ ಬಂಡೆಯ ವಯಸ್ಸು 300 ಕೋಟಿ ವರ್ಷ ಎಂದಿದೆ.

300 ಕೋಟಿ ಅಂತ ಹೇಗೆ ಗೊತ್ತಾಯಿತು? ಕಲ್ಲಿನೊಳಗೆ ಜಿರ್ಕಾನ್ ಎಂಬ ಸಣ್ಣ ಹರಳುಗಳಿರುತ್ತವೆ. ಬರಿಗಣ್ಣಿಗೆ ಕಾಣುವುದೇ ಕಷ್ಟ. ಈ ಹರಳು ಹುಟ್ಟುವಾಗ ತನ್ನೊಳಗೆ ಸ್ವಲ್ಪ ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಯುರೇನಿಯಂ ತನ್ನಷ್ಟಕ್ಕೆ ಬಹಳ ನಿಧಾನವಾಗಿ ಸೀಸವಾಗಿ ಬದಲಾಗುತ್ತದೆ. ಹೆಚ್ಚಿನ ಯುರೇನಿಯಂ ಯಾವ ಬಗೆಯದೋ ಅದರ ಅರ್ಧ ಪಾಲು ಸೀಸವಾಗಲು ಸುಮಾರು 447 ಕೋಟಿ ವರ್ಷ ಬೇಕು. ಹಾಗಾಗಿ ಜಿರ್ಕಾನ್ ಅನ್ನುವುದು ಮುಚ್ಚಳ ಬಿಗಿದ ಡಬ್ಬಿ ಇದ್ದ ಹಾಗೆ. ಈಗ ಒಳಗೆ ಸೀಸ ಸಿಕ್ಕಿದರೆ ಅದೆಲ್ಲ ಡಬ್ಬಿ ಮುಚ್ಚಿದ ಮೇಲೆ ಆಗಿದ್ದೇ. ಸೀಸ ಎಷ್ಟಿದೆ, ಯುರೇನಿಯಂ ಎಷ್ಟು ಉಳಿದಿದೆ ಎಂದು ಅಳೆದರೆ ಡಬ್ಬಿ ಮುಚ್ಚಿ ಎಷ್ಟು ಕಾಲವಾಯಿತು ಅಂತ ಲೆಕ್ಕ ಸಿಗುತ್ತದೆ.

ಆ ಸಂಖ್ಯೆ ಮನಸ್ಸಿಗೆ ಇಳಿಯುವುದಿಲ್ಲ, ಅಲ್ವಾ? ನಾನು ಪುಟ್ಟಿಗೆ ಹೀಗೆ ಹೇಳಿದೆ. ವರ್ಷಕ್ಕೆ ಒಂದು ಹಾಳೆಯ ಲೆಕ್ಕದಲ್ಲಿ ನೋಟ್‌ಬುಕ್ಕಿನ ತೆಳು ಹಾಳೆಗಳನ್ನು ಒಂದರ ಮೇಲೊಂದು ಪೇರಿಸುತ್ತಾ ಹೋಗು. ಒಂದು ಹಾಳೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪ ಅಂದುಕೋ. ಕೆಂಪೇಗೌಡರು ಬೆಂಗಳೂರು ಕಟ್ಟಿದ 1537ರಿಂದ ಇವತ್ತಿನವರೆಗೆ ಪೇರಿಸಿದರೆ ಮೂರು ಬೆರಳಿನ ದಪ್ಪ ಆಗುತ್ತದೆ. ಈ ಬಂಡೆ ಹುಟ್ಟಿದಾಗಿನಿಂದ ಪೇರಿಸಿದ ಕಟ್ಟನ್ನು ಮಲಗಿಸಿದರೆ ಇಲ್ಲಿಂದ ರಾಣೆಬೆನ್ನೂರಿನ ತನಕ ಹೋಗುತ್ತದೆ. ಹಿಮಾಲಯ ಎದ್ದಿದ್ದು ಸುಮಾರು 5 ಕೋಟಿ ವರ್ಷದಿಂದೀಚೆಗೆ. ಹಾಳೆ ಲೆಕ್ಕದಲ್ಲಿ ಅದು ಐದೇ ಕಿಲೋಮೀಟರ್, ಲಾಲ್‌ಬಾಗಿನಿಂದ ಮೆಜೆಸ್ಟಿಕ್ ದಾಟಿ ಒಂದು ಸ್ವಲ್ಪ ದೂರ.

ಅಷ್ಟು ಆಳದಲ್ಲಿದ್ದ ಕಲ್ಲು ಮೇಲೆ ಬಂದಿದ್ದು ಹೇಗೆ ಅನ್ನೋದು ಮುಂದಿನ ಪ್ರಶ್ನೆ. ಅದರ ಮೇಲಿದ್ದುದೆಲ್ಲ ಮಳೆ, ಗಾಳಿ, ಬಿಸಿಲಿಗೆ ಸವೆದು, ಕೊಚ್ಚಿಕೊಂಡು ಹೋಯಿತು. ಸುತ್ತಲಿನ ಕಲ್ಲೂ ಇದೇ ಜಾತಿಯದಲ್ಲವೇ, ಇದೊಂದೇ ಯಾಕೆ ಗುಡ್ಡವಾಗಿ ಉಳಿಯಿತು? ಬಿರುಕು ಜಾಸ್ತಿ ಇದ್ದ ಕಡೆ ನೀರು ಒಳಗೆ ಇಳಿಯುತ್ತದೆ, ಕಲ್ಲನ್ನು ನಿಧಾನವಾಗಿ ಕೊಳೆಸಿ ಕೆಂಪು ಮಣ್ಣು ಮಾಡುತ್ತದೆ. ಬಿರುಕು ಕಡಿಮೆ ಇದ್ದ ಗಟ್ಟಿ ತುಂಡಿಗೆ ನೀರಿನ ಕೈ ಎಟುಕುವುದಿಲ್ಲ. ಸುತ್ತಲ ಮಣ್ಣು ಕೊಚ್ಚಿ ಹೋದ ಮೇಲೆ ಅದು ಬೆನ್ನು ತೋರಿಸಿಕೊಂಡು ನಿಲ್ಲುತ್ತದೆ. ರಾಮನಗರದ ಬೆಟ್ಟಗಳು, ಸಾವನದುರ್ಗ, ಬಸವನಗುಡಿಯ ಕಹಳೆ ಬಂಡೆ, ಎಲ್ಲವೂ ಗಾತ್ರದಲ್ಲಿ ಬೇರೆ ಬೇರೆ, ಹುಟ್ಟಿದ ಕಾಲವೂ ಬೇರೆ ಬೇರೆ. ಆದರೆ ಉಳಿದು ನಿಂತ ಬಗೆ ಒಂದೇ.

ಬಂಡೆಯ ಅಂಚಿನಲ್ಲಿ ಕಲ್ಲು ಹಪ್ಪಳದ ಹಾಗೆ ಪದರ ಪದರವಾಗಿ ಎದ್ದಿರುವುದನ್ನೂ ಗಮನಿಸಿ. ಮೇಲಿನ ಭಾರ ಹೋದಾಗ ಬಂಡೆ ಸ್ವಲ್ಪ ಹಿಗ್ಗುತ್ತದೆ, ನೆಲಕ್ಕೆ ಸಮನಾಗಿ ಸಿಪ್ಪೆ ಬಿಡುತ್ತದೆ. ಬಿಸಿಲಿನ ಕಾವೂ ಇದಕ್ಕೆ ಸಹಾಯ ಮಾಡುತ್ತದೆ. ಬೆಂಗಳೂರಿನ ಸುತ್ತ ಕಲ್ಲು ಒಡೆಯುತ್ತಿದ್ದವರಿಗೆ ಇದು ಪುಸ್ತಕ ಓದದೆಯೇ ಗೊತ್ತಿತ್ತು. ಅವರು ಹಾಸುಬಂಡೆಯ ಮೇಲೆ ಸೌದೆ ಬೆಂಕಿಯನ್ನು ಸಾಲಾಗಿ ಹಾಕಿ, ಆ ಸಾಲನ್ನು ನಿಧಾನವಾಗಿ ಮುಂದೆ ಮುಂದೆ ಸರಿಸುತ್ತಿದ್ದರು. ಕಾದ ಮೇಲ್ಪದರ ಹಿಗ್ಗಿ, ತಣ್ಣಗಿರುವ ಕೆಳಗಿನ ಕಲ್ಲಿನಿಂದ ಬಿಡಿಸಿಕೊಳ್ಳುತ್ತಿತ್ತು. ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿಯೇ ಎಲ್ಲಿಯವರೆಗೆ ಬಿಟ್ಟಿದೆ ಎಂದು ಹೇಳುತ್ತಿದ್ದರು. ಸಿಡಿಮದ್ದಿಲ್ಲದೆ ಒಂದು ಗೇಣು ದಪ್ಪದ, ಅಂಗಳದಷ್ಟು ಅಗಲದ ಚಪ್ಪಡಿ ಏಳುತ್ತಿತ್ತು. ಹಳೇ ಮನೆಗಳ ಜಗಲಿ, ಹೊಲದ ಬದುವಿಗೆ ಬೇಲಿಯಾಗಿ ನೆಟ್ಟ ಕಲ್ಲುಗೂಟ, ಚರಂಡಿ ಮೇಲಿನ ಚಪ್ಪಡಿ, ನಮ್ಮಜ್ಜಿಯ ಒರಳುಕಲ್ಲು, ಎಲ್ಲ ಇಂಥ ಕಲ್ಲಿನವೇ. ಈ ಕಸುಬಿನವರನ್ನು ನೆನೆಯದೆ ಬೆಂಗಳೂರಿನ ಇತಿಹಾಸ ಹೇಳುವುದು ಸರಿಯಲ್ಲ ಅಂತ ನನಗೆ ಯಾವಾಗಲೂ ಅನಿಸುತ್ತದೆ.

ಈಗ ತಲೆ ಎತ್ತಿ ಗೋಪುರ ನೋಡಿ. ಬಂಡೆಯ ನೆತ್ತಿಯ ಮೇಲೆ ಚಿಕ್ಕ ಕಲ್ಲುಮಂಟಪ, ಅದರ ಮೇಲೆ ಗೋಪುರ. ಇಂಥ ಗೋಪುರಗಳು ನಾಲ್ಕಿವೆ. ಇದೊಂದು, ಕೆಂಪಾಂಬುಧಿ ಕೆರೆ ಹತ್ತಿರ ಒಂದು, ಹಲಸೂರು ಕೆರೆ ಹತ್ತಿರ ಒಂದು, ಮೇಖ್ರಿ ಸರ್ಕಲ್ ಹತ್ತಿರ ಒಂದು. ನಾಲ್ಕೂ ಊರು ಕಟ್ಟಿದ ಹಿರಿಯ ಕೆಂಪೇಗೌಡರದ್ದೇ ಎಂದು ಜನ ಹೇಳುತ್ತಾರೆ. ಇತಿಹಾಸ ಬರೆದವರಲ್ಲಿ ಹಲವರು ಅವನ್ನು ಮಗ ಇಮ್ಮಡಿ ಕೆಂಪೇಗೌಡರ ಕಾಲಕ್ಕೆ ಸೇರಿಸುತ್ತಾರೆ. ಈ ನಾಲ್ಕು ಗಡಿ ದಾಟಿ ಊರು ಬೆಳೆದರೆ ಕೇಡು ಎಂಬ ಮಾತೂ ಬಾಯಿಂದ ಬಾಯಿಗೆ ಬಂದಿದೆ. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಗೋಪುರಗಳಿಗೆ ಆರಿಸಿದ ಜಾಗ. ಎಲ್ಲವೂ ಸುತ್ತಲಿನ ನೆಲಕ್ಕಿಂತ ಎತ್ತರದ ಕಲ್ಲುನೆಲದ ಮೇಲಿವೆ. ಪಾಯ ತೋಡಬೇಕಿಲ್ಲ, ಮಣ್ಣು ಕುಸಿಯುವ ಭಯವಿಲ್ಲ. ಮರ ಬೆಳೆದು ಅಡ್ಡ ಬರುವುದೂ ಇಲ್ಲ. ಯಾರಾದರೂ ದಂಡೆತ್ತಿ ಬಂದರೆ ದೂರದಿಂದಲೇ ಕಾಣುತ್ತದೆ. ಕಾವಲಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. ಬಸವನಗುಡಿಯ ಬಂಡೆ ಮೇಲೆ ನಿಂತು ಕಾವಲುಗಾರರು ಕಹಳೆ ಊದುತ್ತಿದ್ದರು, ಅದಕ್ಕೇ ಅದು ಕಹಳೆ ಬಂಡೆ ಎಂದು ಹಳಬರು ಹೇಳುತ್ತಾರೆ.

ಆಗ ಇಲ್ಲಿಂದ ಉತ್ತರಕ್ಕೆ ನೋಡಿದ್ದರೆ ಸುಮಾರು ಎರಡು ಕಿಲೋಮೀಟರ್ ದೂರದಲ್ಲಿ ಮಣ್ಣಿನ ಕೋಟೆ, ಅದರಾಚೆ ಪೇಟೆ ಕಾಣುತ್ತಿತ್ತು. ನಡುವೆ ಹೊಲ, ತೋಪು, ಕೆರೆ. ಈಗ ಅದೇ ದಿಕ್ಕಿಗೆ ನೋಡಿದರೆ ಮರಗಳ ತಲೆಯ ಮೇಲೆ ಗಾಜಿನ ಕಟ್ಟಡಗಳು ನಿಂತಿವೆ. ದಕ್ಷಿಣಕ್ಕೆ ಜಯನಗರದ ಕಡೆ ಇನ್ನೂ ಒಂದಿಷ್ಟು ಹಸಿರು. ಸಂಜೆ ಸೂರ್ಯ ಬಸವನಗುಡಿಯ ಕಡೆ ಇಳಿಯುವಾಗ ಬಂಡೆ ತುಂಬ ಜನ. ಕಡಲೆಕಾಯಿ ಬಿಡಿಸುತ್ತಾ ಕೂತವರು, ಮೊಬೈಲಿನಲ್ಲಿ ಫೋಟೋ ತೆಗೆಯುವವರು. ಹಗಲೆಲ್ಲ ಕಾದ ಕಲ್ಲು ಆಗಲೂ ಬೆಚ್ಚಗಿರುತ್ತದೆ.

ತೋಟದ ಕಥೆ ಬಹಳ ಜನಕ್ಕೆ ಗೊತ್ತು, ಹಾಗಾಗಿ ಬೇಗ ಹೇಳಿಬಿಡುತ್ತೇನೆ. 1760ರಲ್ಲಿ ಹೈದರ್ ಅಲಿ ಶುರು ಮಾಡಿದ. ಟಿಪ್ಪು ಸುಲ್ತಾನ್ ದೇಶವಿದೇಶಗಳಿಂದ ಗಿಡ, ಬೀಜ ತರಿಸಿ ಬೆಳೆಸಿದ. 1856ರಲ್ಲಿ ಇದು ಸರ್ಕಾರಿ ಸಸ್ಯತೋಟವಾಯಿತು. ಗಾಜಿನ ಮನೆಗೆ ಅಡಿಗಲ್ಲು ಬಿದ್ದಿದ್ದು 1889ರ ನವೆಂಬರ್ 30ರಂದು. ಆಗ ತೋಟದ ಉಸ್ತುವಾರಿ ಜಾನ್ ಕ್ಯಾಮರಾನ್ ಅವರದು. ನಮ್ಮ ಸಾಂಬಾರಿಗೆ ಬೀಳುವ ಸೀಮೆಬದನೆಕಾಯಿಯನ್ನು ಈ ಕಡೆ ಪರಿಚಯಿಸಿದವರೂ ಅವರೇ ಎನ್ನುತ್ತಾರೆ. ಆಮೇಲೆ ಕೃಂಬಿಗಲ್, ಜವರಾಯ, ಮರಿಗೌಡ ಅವರಂಥವರು ತೋಟವನ್ನು ಕಾದರು, ಬೆಳೆಸಿದರು. ಈಗ ಅದು 240 ಎಕರೆ. ಫ್ಲವರ್ ಶೋಗೆ ಬಂದವರಲ್ಲಿ ಬಹಳ ಜನ ಗಾಜಿನ ಮನೆ ನೋಡಿ ಹಾಗೇ ಹೋಗಿಬಿಡುತ್ತಾರೆ. ಅಷ್ಟು ದೂರ ಬಂದು ಬಂಡೆ ಹತ್ತದೆ ಹೋಗಬೇಡಿ ಅನ್ನುವುದು ನನ್ನ ಕೋರಿಕೆ.

ಯಾಕೆಂದರೆ ಬಂಡೆ ಮೇಲಿಂದ ನೋಡಬೇಕಾದ್ದು ಕಟ್ಟಡಗಳಷ್ಟೇ ಅಲ್ಲ, ಇಳಿಜಾರು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಊರಿನ ನಡುವೆ ಉತ್ತರದಿಂದ ದಕ್ಷಿಣಕ್ಕೆ ಎತ್ತಿನ ಬೆನ್ನಿನ ಹಾಗೆ ಒಂದು ದಿಬ್ಬ ಹಾದು ಹೋಗುತ್ತದೆ. ಬೆನ್ನಿನ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಗೆ ಸೇರಿ, ಅರ್ಕಾವತಿಗೆ ಹೋಗಿ, ಸಂಗಮದಲ್ಲಿ ಕಾವೇರಿ ಸೇರುತ್ತದೆ. ಪೂರ್ವಕ್ಕೆ ಬಿದ್ದದ್ದು ಕೋರಮಂಗಲದ ಕಣಿವೆ ಹಿಡಿದು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಲಾಲ್‌ಬಾಗ್ ಇರುವುದು ಪೂರ್ವದ ಇಳಿಜಾರಿನಲ್ಲಿ. ಇಲ್ಲಿಂದ ಪಶ್ಚಿಮಕ್ಕೆ ಹದಿನೈದು ಇಪ್ಪತ್ತು ನಿಮಿಷ ನಡೆದರೆ ದೊಡ್ಡ ಬಸವಣ್ಣನ ಗುಡಿ. ಬಸವನ ಪಾದದಲ್ಲಿ ವೃಷಭಾವತಿ ಹುಟ್ಟುತ್ತಾಳೆ ಎನ್ನುವುದು ನಮ್ಮವರ ನಂಬಿಕೆ. ಅಂದರೆ ಒಂದೇ ಮೋಡದ ಎರಡು ಹನಿ, ಒಂದು ಲಾಲ್‌ಬಾಗಿಗೆ, ಒಂದು ಬಸವನಗುಡಿಗೆ ಬಿದ್ದರೆ ಎರಡು ಬೇರೆ ನದಿ ಸೇರುತ್ತವೆ. ತಮಿಳುನಾಡಿನ ಕಡಲೂರಿನ ಹತ್ತಿರ ಒಂದು, ಪೂಂಪುಹಾರಿನ ಹತ್ತಿರ ಇನ್ನೊಂದು, ಕೊನೆಗೆ ಬಂಗಾಳಕೊಲ್ಲಿಗೇ ಹೋಗುತ್ತವೆ. ಅಲ್ಲಿ ಅವುಗಳ ನಡುವೆ ನೂರು ಕಿಲೋಮೀಟರ್ ಕೂಡ ಇರುವುದಿಲ್ಲ.

ದಿಬ್ಬದ ಮೇಲೆ ಊರು ಕಟ್ಟಿದರೆ ಕಾವಲಿಗೆ ಅನುಕೂಲ, ಗಾಳಿ ತಂಪು. ಆದರೆ ನೀರಿಗೆ ಕಷ್ಟ. ಎತ್ತರದಲ್ಲಿ ನದಿ ಹುಟ್ಟಬಹುದೇ ಹೊರತು ತುಂಬಿ ಹರಿಯುವುದಿಲ್ಲ. ಜೊತೆಗೆ ಕೆಳಗೆಲ್ಲ ಈ ಕಲ್ಲು. ಮರಳುನೆಲ ಸ್ಪಂಜಿನ ಹಾಗೆ ನೀರು ಹೀರಿ ಇಟ್ಟುಕೊಳ್ಳುತ್ತದೆ. ನೈಸಿನೊಳಗೆ ರಂಧ್ರಗಳೇ ಇಲ್ಲ ಅನ್ನಬಹುದು. ನೀರಿಗೆ ಜಾಗ ಎರಡೇ: ಮೇಲೆ ಕಲ್ಲು ಕೊಳೆತು ಮಣ್ಣಾದ ಪದರ, ಕೆಳಗೆ ಕಲ್ಲಿನ ಬಿರುಕುಗಳು. ಹಿಂದಿನ ತೆರೆದ ಬಾವಿಗಳು ಆ ಮೇಲಿನ ಪದರದ ನೀರಿನಲ್ಲೇ ಬದುಕಿದ್ದವು. ಬೋರ್‌ವೆಲ್ ಹೋಗುವುದು ಬಿರುಕು ಹುಡುಕಿಕೊಂಡು. ಪಕ್ಕದ ಮನೆಯಲ್ಲಿ 300 ಅಡಿಗೆ ನೀರು ಬಂದು ನಮ್ಮ ಸೈಟಿನಲ್ಲಿ 1000 ಅಡಿಗೂ ಬರೀ ಪುಡಿ ಬರುವುದು ಇದಕ್ಕೇ. ಪಾಯಿಂಟ್ ಮಾಡಿದವರ ತಪ್ಪು ಅಂತ ಸುಮ್ನೆ ಬೈಯುತ್ತೇವೆ. ಅಲ್ಲಿ ಬಿರುಕಿಲ್ಲ, ಅಷ್ಟೇ. ಇರುವ ಬಿರುಕಿಗೂ ಮೇಲಿಂದ ನೀರು ಇಳಿಯಬೇಕು. ಅಂಗಳಕ್ಕೆಲ್ಲ ಸಿಮೆಂಟ್ ಹಾಕಿದ ಮೇಲೆ ಎಲ್ಲಿಂದ ಇಳಿಯಬೇಕು?

ಕೆಂಪೇಗೌಡರು ಮತ್ತು ಅವರ ಮುಂಚಿನ, ಆಮೇಲಿನ ಜನ ಈ ತೊಂದರೆಗೆ ಕಂಡುಕೊಂಡ ಉಪಾಯವೇ ಕೆರೆ. ನಮ್ಮಲ್ಲಿ ದೊಡ್ಡ ಕೆರೆಗಳು ತಾವಾಗೇ ಆದವಲ್ಲ, ಕಟ್ಟಿದವು. ಇಳಿಜಾರಿಗೆ ಅಡ್ಡಲಾಗಿ ಮಣ್ಣಿನ ಏರಿ, ಹೊಲಕ್ಕೆ ನೀರು ಬಿಡಲು ತೂಬು, ತುಂಬಿದ ಮೇಲೆ ಹೆಚ್ಚಿನ ನೀರು ಹೋಗಲು ಕೋಡಿ. ಕೋಡಿಯಿಂದ ಹೊರಟ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅದು ತುಂಬಿದರೆ ಇನ್ನೂ ಕೆಳಗಿನದಕ್ಕೆ. ಒಂದು ಸರ ಪೋಣಿಸಿದ ಹಾಗೆ. ಮಳೆ ನೀರು ಊರು ಬಿಟ್ಟು ಓಡುವ ಮುಂಚೆ ಹತ್ತು ಕಡೆ ನಿಲ್ಲಬೇಕು, ನಿಂತ ಕಡೆಯೆಲ್ಲ ಸ್ವಲ್ಪ ಇಂಗಬೇಕು ಎನ್ನುವ ಲೆಕ್ಕ ಅದು. ಲಾಲ್‌ಬಾಗಿನೊಳಗಿನ ಕೆರೆಯೂ ಅಂಥ ಸರದ ಒಂದು ಮಣಿ.

ಸರ ಕಡಿದದ್ದು ನಾವು. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಈಗ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ಕುಡಿಯುವ ನೀರಿಗೆ ಊರು ದೂರ ದೂರ ಕೈಚಾಚುತ್ತಾ ಹೋಯಿತು. 1890ರ ದಶಕದಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ಕಾವೇರಿ ನೀರು ನಮ್ಮ ನಲ್ಲಿಗೆ ಬರುವುದು ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡಿಸಿಕೊಂಡು. ಕಾವಲು ಕಾಯಲು ಅನುಕೂಲವಾದ ಅದೇ ಎತ್ತರಕ್ಕೆ ನಾವು ಈಗ ಪ್ರತಿದಿನ ಕರೆಂಟ್ ಬಿಲ್ ಕಟ್ಟುತ್ತಿದ್ದೇವೆ. ಇನ್ನೊಂದು ಕಡೆ ಮಳೆ ಜೋರಾದರೆ ನೀರು ತನ್ನ ಹಳೇ ದಾರಿ ಮರೆಯುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಸುತ್ತ ಜನರನ್ನು ಟ್ರ್ಯಾಕ್ಟರಿನಲ್ಲಿ, ದೋಣಿಯಲ್ಲಿ ಸಾಗಿಸಿದ್ದು ನೆನಪಿದೆಯಲ್ಲ. ಪೂರ್ವದ ಇಳಿಜಾರಿನ ನೀರು ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಗಿತ್ತು. ದಾರಿಯಲ್ಲಿ ಮನೆಗಳಿದ್ದವು.

ಇಷ್ಟನ್ನೂ ಒಂದೇ ದಿನ ಪುಟ್ಟಿಗೆ ಹೇಳಲಿಲ್ಲ. ಈಗ ಅವಳು ಏಳನೇ ಕ್ಲಾಸು. ಮೊನ್ನೆ ಮತ್ತೆ ಹೋಗಿದ್ದೆವು, ಬಿಸಿಲು ಏರುವ ಮುಂಚೆ. ಅವಳು ತನ್ನ ನೀರಿನ ಬಾಟಲಿ ತೆಗೆದು ಬಂಡೆ ಮೇಲೆ ಸ್ವಲ್ಪ ಸುರಿದಳು. "ನೋಡೋಣ ಇರು ಚಿಕ್ಕಮ್ಮ, ಕೆರೆ ಕಡೆ ಹೋಗುತ್ತಾ ಅಂತ." ನೀರು ಒಂದು ಬಿಳಿ ಪಟ್ಟೆಯ ಮೇಲೆ ಸಣ್ಣಗೆ ಹರಿಯಿತು. ಕಪ್ಪು ಪಟ್ಟೆ ದಾಟಿತು. ಒಂದು ಹಪ್ಪಳದಂಥ ಪದರದ ಅಂಚಿಗೆ ಬಂದು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಪಕ್ಕಕ್ಕೆ ತಿರುಗಿ, ಉಗುರಿನಷ್ಟು ಅಗಲದ ಒಂದು ಬಿರುಕಿನೊಳಗೆ ಇಳಿದು ಹೋಯಿತು. ಅವಳು ಬಗ್ಗಿ ಆ ಬಿರುಕಿಗೆ ಕಿವಿಕೊಟ್ಟಳು. ಮತ್ತೆ ಬಾಟಲಿ ತೆಗೆದು, ಉಳಿದ ನೀರನ್ನೂ ಅದಕ್ಕೇ ಸುರಿದಳು.